ಹೆಪ್ಪಿನ ಬಟ್ಟಲಿನಲ್ಲಿ ಬ್ಯಾಕ್ಟೀರಿಯಾ

(ಗ್ರಂಥಾಲಯ ಸಪ್ತಾಹದ ಅಂಗವಾಗಿ ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಪಠ್ಯ)



ಮೊದಲಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ವಿಜ್ಞಾನಿಯಲ್ಲ, ವೈದ್ಯನೂ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿದವನು. ಪುರಸಭೆಯ ಸಭೆ, ಮಾರುಕಟ್ಟೆಯ ಧಾರಣೆ, ರಸ್ತೆ ಅಪಘಾತ ಇವು ನನ್ನ ದಿನನಿತ್ಯದ ವರದಿಗಳು. ಬ್ಯಾಕ್ಟೀರಿಯಾ ಕುರಿತು ಮಾತನಾಡಿ ಎಂದು ಗ್ರಂಥಪಾಲಕರು ಕೇಳಿದಾಗ ಒಪ್ಪಿಕೊಂಡದ್ದಕ್ಕೆ ಕಾರಣ ನನ್ನ ಮನೆಯಲ್ಲಿಯೇ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ನಾನು ವೇದಿಕೆ ಹತ್ತುವ ಮೊದಲೇ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ: "ತಂಗಳನ್ನ ಒಳ್ಳೆಯದೋ ಕೆಟ್ಟದ್ದೋ? ಒಂದೇ ಮಾತಿನಲ್ಲಿ ಹೇಳಿ." ಒಂದೇ ಮಾತಿನಲ್ಲಿ ಹೇಳುವುದು ಕಷ್ಟ ತಾಯಿ. ಆದರೆ ಕೆಳಗಿಳಿಯುವ ಮುನ್ನ ಖಂಡಿತ ಹೇಳುತ್ತೇನೆ.

ಬ್ಯಾಕ್ಟೀರಿಯಾ ಎಂದೊಡನೆ ನಮಗೆ ನೆನಪಾಗುವುದು ಟಿ.ವಿ.ಯ ಸೋಪಿನ ಜಾಹೀರಾತು. ಮಗುವಿನ ಅಂಗೈ ಮೇಲೆ ಕಪ್ಪು ಕಪ್ಪು ಹುಳುಗಳು ಹರಿದಾಡುತ್ತವೆ, ತಾಯಿ ಗಾಬರಿಯಾಗುತ್ತಾಳೆ, ಸೋಪು ಬಂದು ಎಲ್ಲವನ್ನೂ ಕೊಂದುಹಾಕುತ್ತದೆ. ಕೈ ತೊಳೆಯುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನೆ ರಾತ್ರಿ ಮಲಗುವ ಮುಂಚೆ ಇಲ್ಲಿರುವ ಅನೇಕ ತಾಯಂದಿರು ಕೋಟಿಗಟ್ಟಲೆ ಬ್ಯಾಕ್ಟೀರಿಯಾವನ್ನು ಚಮಚದಲ್ಲಿ ತೆಗೆದು ಹಾಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಇಟ್ಟು ಬಂದಿದ್ದೀರಿ. ಅದಕ್ಕೆ ನಾವು ಹೆಪ್ಪು ಎನ್ನುತ್ತೇವೆ.

ಹೆಪ್ಪು ಹಾಕುವ ಕೆಲಸವನ್ನು ಸ್ವಲ್ಪ ಗಮನವಿಟ್ಟು ನೋಡೋಣ. ಮೊದಲು ಹಾಲು ಕಾಯಿಸುತ್ತೀರಿ. ಉಗುರು ಬೆಚ್ಚಗಾಗುವವರೆಗೆ ಆರಲು ಬಿಡುತ್ತೀರಿ. ನಿನ್ನೆಯ ಮೊಸರಿನಿಂದ ಅರ್ಧ ಚಮಚ ಹಾಕಿ, ಕದಡಿ, ಮುಚ್ಚಿ, ಅಲುಗದ ಕಡೆ ಇಡುತ್ತೀರಿ. ಒಂದೊಂದು ಕೆಲಸಕ್ಕೂ ಕಾರಣವಿದೆ. ಕಾಯಿಸುವುದರಿಂದ ಹಾಲಿನಲ್ಲಿ ಮೊದಲೇ ಸೇರಿಕೊಂಡಿದ್ದ ಬೇಡದ ಬ್ಯಾಕ್ಟೀರಿಯಾಗಳು ಸಾಯುತ್ತವೆ; ಮನೆಗೆ ಬರುವ ನೆಂಟರಿಗೆ ಕೋಣೆ ಖಾಲಿ ಮಾಡಿಕೊಟ್ಟ ಹಾಗೆ. ಆರಿಸುವುದು ಹೆಪ್ಪಿನ ಬ್ಯಾಕ್ಟೀರಿಯಾ ಬೆಂದುಹೋಗದಿರಲಿ ಎಂದು. ಬೆಚ್ಚಗಿನ ಜಾಗ ಅವು ಬೇಗ ಬೆಳೆಯಲಿ ಎಂದು. ಅವು ಹಾಲಿನಲ್ಲಿರುವ ಸಕ್ಕರೆಯನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ಆಮ್ಲ ಏರಿದಂತೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಮೊಸರಾಯಿತು. ಈ ಹುಳಿಯಲ್ಲಿ ರೋಗ ತರುವ ಅನೇಕ ಬ್ಯಾಕ್ಟೀರಿಯಾಗಳು ಬದುಕಲಾರವು. ತಾವು ಉಂಡೆದ್ದ ಎಲೆಯ ಮುಂದೆ ಬೇರೆಯವರು ಕೂರದಂತೆ ಇವು ಮಾಡಿ ಹೋಗುತ್ತವೆ!

ಮನೆಯಲ್ಲಿ ಹೆಪ್ಪಿಲ್ಲದಿದ್ದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವ ರೂಢಿ ಇತ್ತು. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದು ಎನ್ನುವ ಅಜ್ಜಿಯರೂ ಇದ್ದರು. ಆಗ ಹಸಿಮೆಣಸಿನಕಾಯಿಯ ತೊಟ್ಟನ್ನು ಹಾಲಿಗೆ ಹಾಕುತ್ತಿದ್ದರು. ತೊಟ್ಟಿನ ಮೇಲೂ ಇದೇ ಜಾತಿಯ ಬ್ಯಾಕ್ಟೀರಿಯಾಗಳು ಕುಳಿತಿರುತ್ತವೆ. ಅಜ್ಜಿಗೆ ಬ್ಯಾಕ್ಟೀರಿಯಾ ಎಂಬ ಹೆಸರು ಗೊತ್ತಿರಲಿಲ್ಲ, ಆದರೆ ಅದರ ವಿಳಾಸ ಗೊತ್ತಿತ್ತು.

ಇವುಗಳ ಗಾತ್ರವೆಷ್ಟು? ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಅಥವಾ ಎರಡು ಪಾಲು. ಗಂಡು ಹೆಣ್ಣು ಎಂಬ ಭೇದವಿಲ್ಲ. ಉಂಡು ಬೆಳೆದು, ನಡುವೆ ಸೀಳಿ ಒಂದು ಎರಡಾಗುತ್ತದೆ. ಅನುಕೂಲವಾದ ಬಿಸಿ, ತೇವ, ಆಹಾರ ಸಿಕ್ಕರೆ ಕೆಲವು ಜಾತಿಗಳು 20 ನಿಮಿಷಕ್ಕೊಮ್ಮೆ ಹೀಗೆ ಸೀಳುತ್ತವೆ. ಲೆಕ್ಕದ ಪಾಠದಲ್ಲಿ ಆಸಕ್ತಿಯಿರುವ ಮಕ್ಕಳು ಮಾಡಿ ನೋಡಿ. ರಾತ್ರಿ 8 ಗಂಟೆಗೆ ಒಂದೇ ಒಂದು ಇತ್ತು ಎಂದುಕೊಳ್ಳಿ. ಎಲ್ಲವೂ ಬದುಕಿದರೆ ಬೆಳಿಗ್ಗೆ 6ಕ್ಕೆ 107 ಕೋಟಿ ದಾಟಿರುತ್ತದೆ. ಮದುವೆಮನೆಯಲ್ಲಿ ಬೆಳಿಗ್ಗೆ ಮಾಡಿದ ಪಲ್ಯವನ್ನು ಸಂಜೆ ಬಡಿಸಿ ನೂರಾರು ಜನ ಆಸ್ಪತ್ರೆ ಸೇರಿದರು ಎಂಬ ಸುದ್ದಿಯನ್ನು ನಮ್ಮಂಥ ವರದಿಗಾರರು ಬರೆಯುತ್ತಲೇ ಇರುತ್ತೇವೆ. ಅದರ ಹಿಂದೆ ಇರುವುದೂ ಇದೇ ಗುಣಾಕಾರ. ಹೆಪ್ಪಿನ ಬಟ್ಟಲಿಗೂ ಪಲ್ಯದ ಕೊಳಗಕ್ಕೂ ಗಣಿತ ಒಂದೇ, ಒಳಗೆ ಯಾರಿದ್ದಾರೆ ಎಂಬುದಷ್ಟೇ ಬೇರೆ.

ಇಲ್ಲಿ ಒಂದು ಗೊಂದಲವನ್ನು ತಿಳಿಮಾಡಬೇಕು. ವೈರಸ್ ಬೇರೆ, ಬ್ಯಾಕ್ಟೀರಿಯಾ ಬೇರೆ. ಬ್ಯಾಕ್ಟೀರಿಯಾ ತಾನೇ ಉಂಡು ತಾನೇ ಬೆಳೆಯಬಲ್ಲ ಪೂರ್ಣ ಜೀವಿ. ವೈರಸ್ ಇನ್ನೊಂದು ಜೀವಿಯ ಕೋಶದೊಳಗೆ ಹೊಕ್ಕರೆ ಮಾತ್ರ ಹೆಚ್ಚಬಲ್ಲದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್‌ನದು. 2020ರಲ್ಲಿ ನಮ್ಮೆಲ್ಲರನ್ನೂ ಮನೆಯೊಳಗೆ ಕೂರಿಸಿದ ಕೋವಿಡ್ ವೈರಸ್‌ನದು. ಸಾಮಾನ್ಯ ನೆಗಡಿಯೂ ಅಷ್ಟೆ. ಕ್ಷಯ, ಕಾಲರಾ, ವಿಷಮಶೀತ ಜ್ವರ, ಕರಾವಳಿಯ ಇಲಿ ಜ್ವರ, ಕುಷ್ಠ, ಪ್ಲೇಗು ಇವು ಬ್ಯಾಕ್ಟೀರಿಯಾದವು. ಆಂಟಿಬಯಾಟಿಕ್ ಮಾತ್ರೆ ಎರಡನೆಯ ಗುಂಪಿಗೆ ಮಾತ್ರ. ನೆಗಡಿಗೆ ಅದನ್ನು ನುಂಗಿದರೆ ನೆಗಡಿಗೇನೂ ಆಗದು. ಆಗುವುದು ಬೇರೆಯವರಿಗೆ. ಅದಕ್ಕೆ ಮುಂದೆ ಬರುತ್ತೇನೆ.

ಈ ಜೀವಿಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ತಾನೇ ಉಜ್ಜಿ ಮಾಡಿಕೊಂಡ ಪುಟ್ಟ ಮಸೂರಗಳು ಅವನ ಹವ್ಯಾಸ. 1676ರಲ್ಲಿ ಅವನಿಗೊಂದು ಕುತೂಹಲ ಹುಟ್ಟಿತು: ಕರಿಮೆಣಸು ಖಾರವೇಕೆ? ಮೆಣಸಿನ ಕಣಕ್ಕೆ ಮುಳ್ಳಿರಬಹುದೆಂದು ಊಹಿಸಿ ಮೆಣಸನ್ನು ನೀರಿನಲ್ಲಿ ನೆನೆಹಾಕಿದ. ಕೆಲವು ವಾರಗಳ ನಂತರ ಆ ನೀರನ್ನು ಮಸೂರದಡಿ ಇಟ್ಟು ನೋಡಿದರೆ ಮುಳ್ಳಿಲ್ಲ, ಓಡಾಡುವ ಅಸಂಖ್ಯ ಜೀವಿಗಳು! ಡಚ್ಚರು ಕೊಚ್ಚಿಯನ್ನು ಹಿಡಿದು ಆಗ 13 ವರ್ಷವಾಗಿತ್ತು. ಅವರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯಿಂದಲೂ ಜಾವಾ ಸುಮಾತ್ರಾ ಕಡೆಯಿಂದಲೂ ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಆ ಮೆಣಸು ಯಾವ ಬಳ್ಳಿಯದೋ, ಮಲೆನಾಡಿನವರಾದ ನಾನು ನೀವು ಊಹಿಸಿಕೊಂಡು ಸಂತೋಷಪಡಬಹುದು. 1683ರಲ್ಲಿ ಅವನು ತನ್ನ ಹಲ್ಲಿನ ಕಿಟ್ಟವನ್ನೇ ಕೆರೆದು ನೋಡಿ, ದೇಶದಲ್ಲಿರುವ ಜನರಿಗಿಂತ ಹೆಚ್ಚು ಪ್ರಾಣಿಗಳು ತನ್ನ ಬಾಯೊಳಗಿವೆ ಎಂಬರ್ಥದ ಮಾತನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಜನ ಬೆರಗಾದರು, ಆದರೆ ಇವುಗಳಿಗೂ ರೋಗಕ್ಕೂ ಸಂಬಂಧ ಕಲ್ಪಿಸಲು ಇನ್ನೂ ಸುಮಾರು ಇನ್ನೂರು ವರ್ಷ ಬೇಕಾಯಿತು.

ಆ ಸಂಬಂಧ ಹೊಳೆದದ್ದೂ ಹುಳಿ ಹಾಲಿನ ದಾರಿಯಿಂದಲೇ. ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ಹಾಲು ಹುಳಿಯಾಗುವುದರ ಬಗ್ಗೆ. ಅದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ಆತ ವಾದಿಸಿದ. ಇದರಿಂದ ಪ್ರೇರಿತನಾದ ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, ಹಾಲು ಹುಳಿಯುವಂತೆಯೇ ಗಾಯವೂ ಕೀವಾಗುತ್ತಿರಬಹುದೆಂದು ಯೋಚಿಸಿ ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ತೊಳೆಯಲು ಆರಂಭಿಸಿದ. ಅದರ ವಿವರವನ್ನು 1867ರಲ್ಲಿ ಪ್ರಕಟಿಸಿದ. ಗಾಯದ ಕ್ರಿಮಿಗಳ ವೈರಿಯಾದ ಈ ಲಿಸ್ಟರ್, ಬೇರೆ ಯಾವುದೂ ಬೆರೆಯದ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು 1878ರ ಹೊತ್ತಿಗೆ ಬೇರ್ಪಡಿಸಿ ಬೆಳೆಸಿದ. ಅದೂ ಹುಳಿ ಹಾಲಿನಿಂದ.

ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು 1882ರಲ್ಲಿ ಲೋಕಕ್ಕೆ ತೋರಿಸಿದ. ಕಲ್ಕತ್ತೆಗೆ ಬಂದು 1884ರಲ್ಲಿ ಅಲ್ಲಿಯ ಕೆರೆಯ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನೂ ಕಂಡ. ಆದರೆ ನನಗೆ ಹೆಚ್ಚು ಇಷ್ಟವಾದ ಕಥೆ ಅವನದಲ್ಲ, ಫ್ಯಾನಿ ಹೆಸ್ಸೆ ಎಂಬ ಗೃಹಿಣಿಯದು. ಆಕೆಯ ಪತಿ ಕಾಕ್‌ನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ. ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಬೇಸಿಗೆಯಲ್ಲಿ ಕರಗಿಹೋಗುತ್ತಿತ್ತು. ತನ್ನ ಜೆಲ್ಲಿಗಳು ಏಕೆ ಕರಗುವುದಿಲ್ಲ ಎಂಬುದನ್ನು ಆಕೆ 1881ರಲ್ಲಿ ಪತಿಗೆ ಹೇಳಿಕೊಟ್ಟಳು. ಜಾವಾದಲ್ಲಿ ಇದ್ದು ಬಂದ ಪರಿಚಯದವರಿಂದ ಕಲಿತ ಸಮುದ್ರಪಾಚಿಯ ಅಗರ್ ಅದು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುತ್ತದಲ್ಲ, ಅದೇ. ಇಂದಿಗೂ ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ಕಫ, ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ತಟ್ಟೆಗಳಲ್ಲಿ ಇರುವುದು ಅಗರ್. ಫ್ಯಾನಿಯ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ.

ಅಡುಗೆಮನೆಯ ಮಾತು ಬಂದಾಗ ಇಡ್ಲಿಯನ್ನು ಬಿಡುವಂತಿಲ್ಲ. ಹತ್ತನೆಯ ಶತಮಾನದ ನಮ್ಮ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ'ಯ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವಿದೆ. ಅಂದಿನ ಇಡ್ಲಿಯಲ್ಲಿ ಅಕ್ಕಿ ಇರಲಿಲ್ಲವೆಂದು ಆಹಾರದ ಇತಿಹಾಸ ಬರೆದವರು ಹೇಳುತ್ತಾರೆ. ಇಂದಿನ ಇಡ್ಲಿಗೆ ನಾವು ಹೆಪ್ಪು ಹಾಕುವುದಿಲ್ಲ, ಆದರೂ ಹಿಟ್ಟು ಹುದುಗುತ್ತದೆ. ಹೆಪ್ಪು ಬೇಳೆಯ ಜೊತೆಯಲ್ಲೇ ಬಂದಿರುತ್ತದೆ. ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಮೊದಲು ಬೆಳೆದು ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಬಿಡುತ್ತದೆ, ಹುಳಿಯನ್ನೂ ತರುತ್ತದೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಪಾತ್ರೆಗೆ ಕಂಬಳಿ ಸುತ್ತುವುದು ಈ ಜೀವಿಗೆ ಚಳಿಯಾಗದಿರಲಿ ಎಂದೇ.

ಈಗ ಬೀದಿಗೆ ಬರೋಣ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅದಕ್ಕೆ ಎರಡು ವರ್ಷ ಮೊದಲು, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯರ್ಸಿನ್ ಆ ರೋಗದ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದ. ಕ್ರಿಮಿ ಯಾವುದೆಂದು ಗೊತ್ತಾಗಿತ್ತು, ಅದು ಮನುಷ್ಯನನ್ನು ಸೇರುವ ದಾರಿ ಗೊತ್ತಾಗಿರಲಿಲ್ಲ. ಈ ಅರ್ಧ ತಿಳಿವಳಿಕೆ ಎಷ್ಟು ಕಷ್ಟ ತಂದಿತು ನೋಡಿ. ಗಾಳಿ, ಕೊಳೆ, ಬಟ್ಟೆಬರೆ, ಮನುಷ್ಯರ ಸ್ಪರ್ಶ ಎಲ್ಲವನ್ನೂ ಅಧಿಕಾರಿಗಳು ಶಂಕಿಸಿದರು. ಮನೆಗಳನ್ನು ನುಗ್ಗಿ ಶೋಧಿಸಿದರು, ಸಾಮಾನು ಸುಟ್ಟರು, ರೋಗಿಗಳನ್ನು ಹಿಡಿದು ಕ್ಯಾಂಪುಗಳಿಗೆ ಸಾಗಿಸಿದರು. ಪುಣೆಯಲ್ಲಿ ಈ ಶೋಧಕ್ಕೆ ರೊಚ್ಚಿಗೆದ್ದ ಚಾಪೇಕರ್ ಸಹೋದರರು 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಕ್ಕಿದ್ದು ಚರಿತ್ರೆಯ ಪುಸ್ತಕದಲ್ಲಿದೆ.

1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಹುಬ್ಬಳ್ಳಿಯ ಸಾವಿರಾರು ಜನರಿಗೆ ಹಾಕಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರೋಗ ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ರೈಲು ಆಗಲೇ ಊರೂರುಗಳನ್ನು ಜೋಡಿಸಿತ್ತು. ಧಾನ್ಯದ ಚೀಲಗಳ ಜೊತೆ ಇಲಿಗಳೂ ಪ್ರಯಾಣ ಮಾಡುತ್ತಿದ್ದವು. ಕೆಳಗೆ ಮಳಿಗೆ, ಮೇಲೆ ಮನೆ, ನಡುವೆ ಕತ್ತಲ ಓಣಿ ಎಂಬಂತಿದ್ದ ಪೇಟೆಯಲ್ಲಿ ಇಲಿಗಳಿಗೆ ಏನು ಕೊರತೆ! ಜನ ಸತ್ತರು, ಉಳಿದವರು ಊರು ಬಿಟ್ಟರು. ಅಂದಿನ ಮೈಸೂರು ಸರ್ಕಾರ ಪೇಟೆಯ ಒತ್ತಡ ಕಡಿಮೆ ಮಾಡಲು ಬಡಾವಣೆಗಳನ್ನು ಕಟ್ಟಿತು. ಮಲ್ಲೇಶ್ವರ ಮತ್ತು ಬಸವನಗುಡಿಯ ನೇರ ಅಗಲ ರಸ್ತೆಗಳು, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ನಕ್ಷೆ. ಬೆಂಗಳೂರಿನ ಈ ಹಳೆಯ ಬಡಾವಣೆಗಳ ಸೊಬಗನ್ನು ಹೊಗಳುವವರು ಅದಕ್ಕೆ ಒಂದು ಬ್ಯಾಕ್ಟೀರಿಯಾವೂ ಕಾರಣವೆಂದು ನೆನೆಯುವುದು ಕಡಿಮೆ. ಜನ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಪ್ಲೇಗ್ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಈಗಲೂ ಇವೆ, ಪೂಜೆಯೂ ನಡೆಯುತ್ತದೆ.

ಹಳ್ಳಿಗಳಲ್ಲಿ ಒಂದು ಮಾತಿತ್ತು: ಇಲಿ ಬಿತ್ತು. ಅಟ್ಟದಿಂದ ಇಲಿಗಳು ಸತ್ತು ಬಿದ್ದರೆ ಜನ ಮನೆ ಬಿಟ್ಟು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಓದು ಬರಹ ಬಾರದ ಈ ರೈತರ ಲೆಕ್ಕ ಸರಿಯಾಗಿತ್ತು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಸಾಗಿಸುವುದು ಇಲಿಯ ಮೈಯಲ್ಲಿರುವ ಚಿಗಟ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟ ಇನ್ನೊಂದು ಬೆಚ್ಚನೆಯ ಮೈ ಹುಡುಕುತ್ತದೆ. ಇದನ್ನು ಪಾಲ್ ಲೂಯಿ ಸೀಮಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ತಜ್ಞರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟು ಮನೆಗಳ ಸೂರು ಕಿತ್ತರೋ!

ಇಷ್ಟು ಹೇಳಿದ ಮೇಲೆ ಬ್ಯಾಕ್ಟೀರಿಯಾವನ್ನು ಕ್ಷಮಿಸುವುದು ಕಷ್ಟ. ಆದರೆ ನಮ್ಮ ರಾಗಿ ಹೊಲಕ್ಕೊಮ್ಮೆ ಹೋಗಿ ಬರೋಣ. ಹಳೆಯ ಮೈಸೂರಿನ ರೈತರು ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುತ್ತಾರೆ. ಅವರೆಗಿಡವನ್ನೋ ಕಡಲೆಕಾಯಿ ಗಿಡವನ್ನೋ ಮೆಲ್ಲಗೆ ಕಿತ್ತು ಬೇರು ನೋಡಿ. ಸಣ್ಣ ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ಅದರೊಳಗೆ ರೈಝೋಬಿಯಂ ಎಂಬ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಈ ಬಾಡಿಗೆದಾರರು ಅದನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತಂದುಕೊಟ್ಟು ಪ್ರತಿಯಾಗಿ ಸಕ್ಕರೆ ಪಡೆಯುತ್ತವೆ. ವಿಜ್ಞಾನಿಗಳಿಗೆ ಇದು ಖಚಿತವಾಗಿ ಗೊತ್ತಾದದ್ದು 1880ರ ದಶಕದಲ್ಲಿ. ದ್ವಿದಳ ಧಾನ್ಯ ಬೆಳೆದ ಹೊಲ ಮರುವರ್ಷ ಚೆನ್ನಾಗಿ ಕೊಡುತ್ತದೆ ಎಂಬುದು ರೈತನಿಗೆ ಬಹಳ ಹಿಂದಿನಿಂದ ಗೊತ್ತು.

ಅದೇ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆ ನಮ್ಮ ಕವಿಗಳಿಗೆಲ್ಲ ಪ್ರಿಯ. ಅದರಲ್ಲಿ ಮುಖ್ಯವಾದುದು ಸ್ಟ್ರೆಪ್ಟೊಮೈಸಿಸ್ ಮುಂತಾದ ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್‌ರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್ ಇದೇ ಕುಟುಂಬದ ಒಂದು ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಔಷಧಿಯನ್ನು ಪಡೆದ. ಆ ಬ್ಯಾಕ್ಟೀರಿಯಾ ಸಿಕ್ಕ ಒಂದು ಮೂಲ ಗೊಬ್ಬರ ಹಾಕಿದ ಹೊಲದ ಮಣ್ಣು. ಮಣ್ಣಿನಲ್ಲಿ ಜಾಗಕ್ಕೂ ಅನ್ನಕ್ಕೂ ನಡೆಯುವ ಪೈಪೋಟಿಯಲ್ಲಿ ಇಂಥ ವಸ್ತುಗಳು ಆಯುಧವಾಗುತ್ತವೆ. ನಾವು ಆ ಆಯುಧವನ್ನು ಎರವಲು ತಂದೆವು. ಕ್ಷಯವನ್ನು ತಡೆಯಬಲ್ಲ ಮೊದಲ ಔಷಧಿ ಅದು, ಪ್ಲೇಗಿಗೂ ಮದ್ದಾಯಿತು. 1952ರ ನೊಬೆಲ್ ಪ್ರಶಸ್ತಿ ವಾಕ್ಸ್‌ಮನ್ ಒಬ್ಬರಿಗೇ ಸಿಕ್ಕಿತು. ಶಾಟ್ಸ್‌ಗೆ ಸಿಗಲಿಲ್ಲ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಸ್ಟ್ರೆಪ್ಟೊಮೈಸಿನ್ ಬರುವ ಮೊದಲು ಕ್ಷಯಕ್ಕೆ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಚಿಕಿತ್ಸಾಲಯ ಆ ಕಾಲದ್ದು. ಹೊಸ ಔಷಧಿ ಪವಾಡದಂತೆ ಬಂತು. ಆದರೆ 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲೇ ಒಂದು ಕಹಿ ಸಂಗತಿ ಹೊರಬಿತ್ತು. ರೋಗಿಗಳು ಕೆಲವು ತಿಂಗಳು ಗುಣವಾಗುತ್ತಾರೆ, ಆಮೇಲೆ ಅವರಲ್ಲಿ ಅನೇಕರ ದೇಹದ ಕ್ಷಯದ ಕ್ರಿಮಿಗಳು ಔಷಧಿಗೆ ಬಗ್ಗುವುದಿಲ್ಲ. ಕೋಟ್ಯಂತರ ಕ್ರಿಮಿಗಳ ನಡುವೆ ಎಲ್ಲೋ ಕೆಲವಕ್ಕೆ ಆ ಔಷಧಿಯನ್ನು ತಡೆಯುವ ಗುಣ ಆಕಸ್ಮಿಕವಾಗಿ ಬಂದಿರುತ್ತದೆ. ಉಳಿದವು ಸತ್ತಾಗ ಇವಕ್ಕೆ ಜಾಗವೆಲ್ಲ ಖಾಲಿ. ಆದ್ದರಿಂದಲೇ ಕ್ಷಯಕ್ಕೆ ಹಲವು ಔಷಧಿಗಳನ್ನು ಒಟ್ಟಿಗೆ, ತಿಂಗಳುಗಟ್ಟಲೆ ಕೊಡುವ ಪದ್ಧತಿ ಬಂತು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದು. ಆಸ್ಪತ್ರೆಯಲ್ಲಿ ಮಲಗದೆ ಮನೆಯಲ್ಲಿದ್ದೇ ಈ ಚಿಕಿತ್ಸೆ ಪಡೆಯಬಹುದೆಂದು 1959ರಲ್ಲಿ ಜಗತ್ತಿಗೆ ತೋರಿಸಿದ್ದು ಮದರಾಸಿನಲ್ಲಿ ನಡೆದ ಅಧ್ಯಯನ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದದ್ದೂ ಅದೇ ವರ್ಷ.

ನಮ್ಮ ಮನೆಯ ಮಾತು ಹೇಳುತ್ತೇನೆ ಎಂದಿದ್ದೆ. ನನ್ನ ಸೋದರಮಾವ ಗೂಡ್ಸ್ ಟೆಂಪೊ ಓಡಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ, 2012ರಲ್ಲಿ, ಅವರಿಗೆ ಕ್ಷಯವೆಂದು ಗೊತ್ತಾಯಿತು. ಔಷಧಿ ಉಚಿತವಾಗಿಯೇ ಸಿಗುತ್ತಿತ್ತು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಜ್ವರ ಹೋಯಿತು, ಮೈ ತುಂಬಿಕೊಂಡಿತು. ಮೂರನೆಯ ತಿಂಗಳು ಮಾವ ಮಾತ್ರೆ ನಿಲ್ಲಿಸಿದರು. ಬಾಡಿಗೆ ಹೋದರೆ ಎರಡು ಮೂರು ದಿನ ಊರಿಗೆ ಬರುವಂತಿರಲಿಲ್ಲ. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗುಣವಾಗಿದೆಯಲ್ಲ ಎಂಬ ಧೈರ್ಯ. ಅತ್ತೆ ಕೇಳಿದರೆ "ಗಟ್ಟಿಯಾಗಿದ್ದೀನಲ್ಲೇ" ಎನ್ನುತ್ತಿದ್ದರು. ಮರುವರ್ಷ ರೋಗ ತಿರುಗಿ ಬಂತು. ಈ ಸಲ ಹಳೆಯ ಮಾತ್ರೆಗೆ ಬಗ್ಗಲಿಲ್ಲ. ಎರಡು ವರ್ಷ ಮೀರಿದ ಚಿಕಿತ್ಸೆ. ಮೊದಲ ತಿಂಗಳುಗಳಲ್ಲಿ ಕೆನಮೈಸಿನ್ ಚುಚ್ಚುಮದ್ದು. ಟೆಂಪೊ ಮಾರಿದರು. ಮಾವ ಉಳಿದರು. ಆದರೆ ಆ ಚುಚ್ಚುಮದ್ದು ಕಿವಿಯನ್ನು ತಿನ್ನುತ್ತದೆ. ಈಗ ಅವರೊಡನೆ ಮಾತನಾಡಬೇಕಾದರೆ ಎದುರಿಗೆ ನಿಂತು ಕೂಗಬೇಕು. ಕೆನಮೈಸಿನ್ ಕೂಡ ಸ್ಟ್ರೆಪ್ಟೊಮೈಸಿಸ್ ಕುಟುಂಬದ ಒಂದು ಮಣ್ಣಿನ ಬ್ಯಾಕ್ಟೀರಿಯಾದ ಕೊಡುಗೆಯೇ.

ಆ ಮೂರನೆಯ ತಿಂಗಳಲ್ಲಿ ಮಾವನ ಎದೆಯೊಳಗೆ ನಡೆದದ್ದೇನು ಎಂದು ನಾನು ಬಹಳ ಯೋಚಿಸಿದ್ದೇನೆ. ನಾವು ಮೊಸರನ್ನೆಲ್ಲ ಉಂಡು ತಳದಲ್ಲಿ ಅರ್ಧ ಚಮಚ ಹೆಪ್ಪಿಗೆಂದು ಉಳಿಸುತ್ತೇವೆ. ಉಳಿದದ್ದು ಹೇಗಿದೆಯೋ ನಾಳಿನ ಮೊಸರು ಹಾಗೆ. ಮಾವ ಉಳಿಸಿದ ಹೆಪ್ಪು ಔಷಧಿಯ ಏಟು ತಿಂದೂ ಸಾಯದ ಗಟ್ಟಿಗರದ್ದು. ಅವರ ಕೆಮ್ಮಿನಿಂದ ಅಂಥದೇ ಕ್ರಿಮಿ ಮನೆಯ ಮಕ್ಕಳಿಗೂ ಹರಡಬಹುದಿತ್ತು, ನನಗೂ. ನಮ್ಮ ಅದೃಷ್ಟಕ್ಕೆ ಹರಡಲಿಲ್ಲ. ಈಗ ನಿರೋಧಕ ಕ್ಷಯಕ್ಕೆ ಚುಚ್ಚುಮದ್ದಿಲ್ಲದ, ಇನ್ನೂ ಕಡಿಮೆ ಅವಧಿಯ ಚಿಕಿತ್ಸೆಗಳು ಬಂದಿವೆ. ಆದರೂ ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು.

ಕ್ಷಯದ ಮಾತ್ರೆಯನ್ನು ವೈದ್ಯರು ಹೇಳಿದ ಕೊನೆಯ ದಿನದವರೆಗೂ ನುಂಗಲೇಬೇಕು. ಬೇರೆ ಸೋಂಕುಗಳಲ್ಲಿ ಎಷ್ಟು ದಿನ ಎಂಬುದು ಸೋಂಕಿಗೆ ತಕ್ಕಂತೆ ಬೇರೆ. ಕೆಲವಕ್ಕೆ ಹಿಂದಿಗಿಂತ ಕಡಿಮೆ ದಿನ ಸಾಕೆಂದು ಈಚಿನ ಅಧ್ಯಯನಗಳು ಹೇಳುತ್ತವೆ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನಾವೂ ಅಲ್ಲ, ಔಷಧಿ ಅಂಗಡಿಯವರೂ ಅಲ್ಲ. ನಮ್ಮಲ್ಲಿ ನಡೆಯುವುದು ಬೇರೆ. "ಶೀತ ಕೆಮ್ಮು, ಎರಡು ದಿನಕ್ಕೆ ಏನಾದರೂ ಕೊಡಿ" ಎಂದರೆ ಕತ್ತರಿಯಲ್ಲಿ ಪಟ್ಟಿ ಕತ್ತರಿಸಿ ನಾಲ್ಕು ಮಾತ್ರೆ ಕೈಗಿಡುವ ಅಂಗಡಿಗಳನ್ನು ನಾನೇ ಕಂಡಿದ್ದೇನೆ. 2014ರ ಮಾರ್ಚ್‌ನಿಂದ ಹಲವು ಆಂಟಿಬಯಾಟಿಕ್‌ಗಳನ್ನು ಮಾರುವಾಗ ವೈದ್ಯರ ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದೆಂದು ಅರ್ಥ. ಮನೆಗೆ ಹೋಗಿ ಔಷಧಿ ಡಬ್ಬಿ ತೆರೆದು ನೋಡಿ, ಕೆಂಪು ಗೆರೆಯ ಅರ್ಧ ಪಟ್ಟಿಗಳು ಎಷ್ಟಿವೆ ಎಂದು.

ನೆಗಡಿಗೆ ನುಂಗಿದ ಆ ಮಾತ್ರೆ ಕರುಳಿಗೆ ಇಳಿಯುತ್ತದೆ. ಒಬ್ಬ ವ್ಯಕ್ತಿಯ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಾವು ಅರಗಿಸಲಾರದ ನಾರನ್ನು ಅವು ಅರಗಿಸುತ್ತವೆ, ಕೆಲವು ವಿಟಮಿನ್ ತಯಾರಿಸುತ್ತವೆ, ಹೊರಗಿನ ದುಷ್ಟರಿಗೆ ಜಾಗ ಕೊಡದೆ ಕುಳಿತಿರುತ್ತವೆ. ಮಾತ್ರೆ ಮೊದಲು ಕೊಲ್ಲುವುದು ಈ ನಿರಪರಾಧಿಗಳನ್ನು. ಅಲ್ಲೂ ಸಾಯದೆ ಉಳಿದವು ತಮ್ಮ ನಿರೋಧಕ ಗುಣವನ್ನು ಅಕ್ಕಪಕ್ಕದ ಬ್ಯಾಕ್ಟೀರಿಯಾಗಳಿಗೆ ದಾಟಿಸಬಲ್ಲವು, ಬೇರೆ ಜಾತಿಯವಕ್ಕೂ ಕೂಡ. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತಂದಂತೆ!

ಹೊತ್ತಾಯಿತು. ಈಗ ತಂಗಳನ್ನದ ಚೀಟಿಗೆ ಬರುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಕಷ್ಟ ಕಾಲದಲ್ಲಿ ಅದು ಗಟ್ಟಿ ಕವಚದ ಬೀಜದಂತಾಗುತ್ತದೆ, ಅನ್ನ ಬೆಂದರೂ ಸಾಯುವುದಿಲ್ಲ. ಬಸಿದ ಅನ್ನ ಮಧ್ಯಾಹ್ನದಿಂದ ರಾತ್ರಿಯವರೆಗೆ ಬೆಚ್ಚಗೆ ಪಾತ್ರೆಯಲ್ಲೇ ಕುಳಿತರೆ ಅದು ಮೊಳೆತು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಚಿತ್ರಾನ್ನ ಕಲಸಿದರೂ ಹೋಗುವುದಿಲ್ಲ. ನಮ್ಮ ಹಿರಿಯರ ತಂಗಳು ಹಾಗಿರಲಿಲ್ಲ. ಅನ್ನ ಆರಿದ ಕೂಡಲೇ ನೀರು ಹಾಕಿ, ಎಷ್ಟೋ ಮನೆಗಳಲ್ಲಿ ಒಂದು ಸೌಟು ಮಜ್ಜಿಗೆಯನ್ನೂ ಬೆರೆಸಿ ಮಣ್ಣಿನ ಮಡಕೆಯಲ್ಲಿ ಇಡುತ್ತಿದ್ದರು. ಮಜ್ಜಿಗೆಯ ಬ್ಯಾಕ್ಟೀರಿಯಾ ಬೇಗ ಹುಳಿಯೇರಿಸಿದರೆ ಬೇರೆಯವಕ್ಕೆ ಬೆಳೆಯುವುದು ಕಷ್ಟ. ಆದ್ದರಿಂದ ತಾಯಿ, ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ. ಫ್ರಿಜ್ ಇದ್ದರೆ ಅದರೊಳಗಿಡಿ. ತಂಗಳು ಮಾಡುವುದಾದರೆ ಅನ್ನ ಆರಿದೊಡನೆ ಕಾಯಿಸಿ ಆರಿಸಿದ ನೀರನ್ನೂ ಹುಳಿ ಮಜ್ಜಿಗೆಯನ್ನೂ ಹಾಕಿ ಮುಚ್ಚಿಡಿ. ಬೆಳಿಗ್ಗೆ ಹುಳಿ ಪರಿಮಳ ಬಿಟ್ಟು ಬೇರೆ ವಾಸನೆ ಬಂದರೆ, ಲೋಳೆ ಕಟ್ಟಿದ್ದರೆ, ಚೆಲ್ಲಿಬಿಡಿ. ಎಳೆ ಮಕ್ಕಳಿಗೆ, ಗರ್ಭಿಣಿಯರಿಗೆ, ಕಾಯಿಲೆಯಿಂದ ಎದ್ದವರಿಗೆ ಮಾತ್ರ ಬಿಸಿ ಅನ್ನವನ್ನೇ ಬಡಿಸಿ.